ಕೆಂಪಾದ ಅರಿಶಿನ

“ಮುನಿಲಕ್ಷ್ಮಮ್ಮನೋರೇ, ನಿಮ್ಮ ಬೆರಳಿಗೇನಾಯ್ತು?”

ಕಾಫಿ ಲೋಟ ಚಾಚಿದ ಕೈ ಅಲ್ಲೇ ನಿಂತಿತು. ಬಲಗೈಯ ಬೆರಳ ತುದಿಗಳಲ್ಲಿ ಚರ್ಮ ಬೆಳ್ಳಗೆ ಸುಲಿದು ಎದ್ದಿತ್ತು. ಪ್ರಮೋದಾ ಲೋಟ ತೆಗೆದುಕೊಳ್ಳುವ ನೆಪದಲ್ಲಿ ಎಡಗೈಯನ್ನೂ ನೋಡಿದಳು. ಅದರ ಪಾಡೂ ಅದೇ.

“ಏನಿಲ್ಲ ಕಣಮ್ಮ, ಎಲೆಗೆ ಹಚ್ಚೋ ಸುಣ್ಣ ತಾಗಿರ್ಬೇಕು.”

ಎಲೆಗೆ ಸುಣ್ಣ ಹಚ್ಚುವುದು ಒಂದು ಬೆರಳಿನಲ್ಲಿ. ಎರಡೂ ಕೈಯ ಹತ್ತು ಬೆರಳಿನಲ್ಲಿ ಸುಣ್ಣ ಹಚ್ಚುವ ಹೆಂಗಸನ್ನು ಪ್ರಮೋದಾ ತನ್ನ ಐವತ್ತನಾಲ್ಕು ವರ್ಷದ ಆಯುಸ್ಸಿನಲ್ಲಿ ಕಂಡಿರಲಿಲ್ಲ. ಕಾಫಿ ಕುಡಿದಳು. ಕಾಫಿ ಚೆನ್ನಾಗಿತ್ತು.

ಗೋಡೆ ಗಡಿಯಾರದಲ್ಲಿ ಹನ್ನೊಂದೂಕಾಲು. ಹನ್ನೆರಡಕ್ಕೆ ಎಸ್‌ಐ ಶ್ರೀಧರ್ ಬಂದು, ಊರ ಕಲ್ಯಾಣಿಯ ನೀರು ಪರೀಕ್ಷಿಸುವ ಸಂಘಮಿತ್ರಳನ್ನು ಸ್ಟೇಷನ್ನಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಅವಳು ಮಾಡಿದ ತಪ್ಪು, ಅಥವಾ ಊರು ಹೇಳುವ ತಪ್ಪು, ಇಷ್ಟೇ: ಕಳೆದ ಭಾನುವಾರ ಬೆಳಿಗ್ಗೆ ಕೋಡಿಪಾಳ್ಯದ ಕಲ್ಯಾಣಿಯ ಬೋರ್ಡಿನ ಮೇಲೆ ‘ನೀರು ಪರೀಕ್ಷಿಸಿದೆ, ಇಳಿಯಬಹುದು’ ಎಂದು ಬರೆದಳು. ಅದನ್ನು ನಂಬಿ ಈಜಲು ಇಳಿದ ಏಳು ಜನ ಕಣ್ಣು, ಮೈ ಸುಟ್ಟುಕೊಂಡು ಕಿರುಚುತ್ತ ಎದ್ದರು.

ಆರು ಜನರದು ಮೇಲಿನ ಗಾಯ. ಏಳನೆಯವಳು ಸಿಂಚನ, ಹದಿನೇಳರ ಹುಡುಗಿ, ನೀರಿಗಿಳಿದರೆ ಕಣ್ಣು ಬಿಟ್ಟುಕೊಂಡೇ ಮುಳುಗುವ ಗಟ್ಟಿಗಿತ್ತಿ. ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಪ್ರಮೋದಾ ಕಾಫಿ ಕುಡಿಯುತ್ತಿದ್ದದ್ದು ಆ ಹುಡುಗಿಯ ಅಜ್ಜನ ಮನೆಯ ಜಗಲಿಯಲ್ಲಿ.

ಅಜ್ಜ ಅಪ್ಪಯ್ಯಣ್ಣ ಎದುರಿನ ಕುರ್ಚಿಯಲ್ಲಿದ್ದರು. ಕಲ್ಯಾಣಿ ಸಮಿತಿಯ ಅಧ್ಯಕ್ಷರು. ದೂರು ಕೊಟ್ಟವರೂ ಅವರೇ.

“ಮೇಡಂ, ನೀವು ಬಂದಿದ್ದು ಸಂತೋಷ. ಆದ್ರೆ ನಿಮ್ಮ ಕೆಲ್ಸ ಗಂಡು ಹೆಣ್ಣು ವಿಚಾರಿಸೋದು ಅಂತ ಕೇಳಿದ್ದೀನಿ,” ಎಂದರು, ಮೀಸೆಯಡಿಯಲ್ಲಿ ನಗುತ್ತ. “ನೀರಿನ ವಿಚಾರ ನಿಮಗ್ಯಾಕೆ?”

“ಗಂಡಿನ ಕಡೆಯೋರು ಸಂಬಳ ಜಾಸ್ತಿ ಹೇಳ್ತಾರೆ, ಹೆಣ್ಣಿನ ಕಡೆಯೋರು ವಯಸ್ಸು ಕಮ್ಮಿ ಹೇಳ್ತಾರೆ. ನೀರು ಎರಡನ್ನೂ ಹೇಳಲ್ಲ. ನನಗೆ ಇದೇ ಸುಲಭ ಅನ್ನಿಸ್ತು, ಅಪ್ಪಯ್ಯಣ್ಣನೋರೇ.”

ಪ್ರಮೋದಾ ಹನ್ನೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದವಳು. ಆಮೇಲೆ ಹೊಸಕೋಟೆಯ ಬಸ್‌ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದಿದ್ದಳು. ಮುರಿದುಬಿದ್ದ ನಿಶ್ಚಿತಾರ್ಥಗಳ ಶಾಪ ತಾಗುವುದಾಗಿದ್ದರೆ ಅವಳು ಎಂದೋ ಬೂದಿಯಾಗಬೇಕಿತ್ತು. ಆಗಿರಲಿಲ್ಲ, ಬದಲಿಗೆ ನಾಲ್ಕು ಕೆಜಿ ದಪ್ಪವಾಗಿದ್ದಳು.

ಜಗಲಿಯ ಕೆಳಗೆ, ಅಂಗಳದ ಹೊಂಗೆ ಮರದ ನೆರಳಿನಲ್ಲಿ, ಪ್ರಮೋದಾಳ ಈ ಸಲದ ಕಕ್ಷಿಗಾರ್ತಿ ಸಂಘಮಿತ್ರ ನಿಂತಿದ್ದಳು. ಹೆಗಲಲ್ಲಿ ನೀರು ಪರೀಕ್ಷೆಯ ಕಿಟ್ಟಿನ ಚೀಲ. ಬಂದು ಇಪ್ಪತ್ತು ನಿಮಿಷವಾಗಿತ್ತು. ಮೇಲೆ ಬಾ ಎಂದು ಯಾರೂ ಕರೆದಿರಲಿಲ್ಲ, ಅವಳೂ ಅದನ್ನು ನಿರೀಕ್ಷಿಸಿದ ಹಾಗೆ ಕಾಣಲಿಲ್ಲ. ಪ್ರಮೋದಾಳಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗೂ ಒಂದು ಸರತಿ ಇರುತ್ತದೆ, ಈಗ ಸರತಿ ಕೆಲಸದ್ದು.

ಮೂರು ವರ್ಷದ ಹಿಂದೆ ಹೂಳೆತ್ತಿ ಸರಿಮಾಡಿದ ಕಲ್ಯಾಣಿ ಅದು. ಅದರ ಮೆಟ್ಟಿಲಿಗೆ ಸಂಘಮಿತ್ರಳ ಅಜ್ಜಿ ಕಾಲಿಡುವಂತಿರಲಿಲ್ಲ. ಈಗ ಅಜ್ಜಿಯ ಮೊಮ್ಮಗಳು ಬೋರ್ಡಿನಲ್ಲಿ ಬರೆದ ಮೇಲೇ ಊರಿನವರು ಇಳಿಯಬೇಕಿತ್ತು. ಇದು ಕೆಲವರಿಗೆ ಹೆಮ್ಮೆ, ಕೆಲವರಿಗೆ ಬಾಯಿ ಬಿಟ್ಟು ಹೇಳಲಾಗದ ಉರಿ.

ಅವಳ ಕೆಲಸದಲ್ಲಿ ಹುಳುಕು ಸಿಗುತ್ತದೇನೋ ಎಂದು ಪ್ರಮೋದಾ ಎರಡು ದಿನ ಕೆದಕಿದ್ದಳು. ತನ್ನ ಕಕ್ಷಿಗಾರರನ್ನೇ ಮೊದಲು ಅನುಮಾನಿಸುವುದು ಅವಳ ಪದ್ಧತಿ. ಹುಳುಕು ಸಿಕ್ಕಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮೆಟ್ಟಿಲಿನಿಂದ ದೂರಕ್ಕೆ ಕೈ ಚಾಚಿ, ಮೊಣಕೈ ಆಳದ ನೀರು ಹಿಡಿಯುವುದು. ಅದಕ್ಕೆ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವುದು. ಹಸಿರಿದ್ದರೆ ನೀರು ಹದವಾಗಿದೆ. ಔಷಧಿ ಹಾಕಿದ ಸಣ್ಣ ಬಾಟಲಿಗೆ ಸ್ವಲ್ಪ ನೀರು ತುಂಬಿ, ಬಟ್ಟೆಯಲ್ಲಿ ಸುತ್ತಿ ಎರಡು ದಿನ ಬೆಚ್ಚಗಿಡುವುದು. ಅದು ಕಪ್ಪಾದರೆ ಕಕ್ಕಸಿನ ನೀರೋ ಸಗಣಿಯೋ ಸೇರಿದೆ ಎಂದರ್ಥ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾಟಲಿ ನೋಡಿ ಬೋರ್ಡು ಬರೆಯುವುದು. ಮೂರು ವರ್ಷದಲ್ಲಿ ನಲವತ್ತೊಂದು ಭಾನುವಾರ ‘ಇಳಿಯಬೇಡಿ’ ಎಂದು ಬರೆದಿದ್ದಳು. ಆಗ ಬೈದವರಲ್ಲಿ ಅಪ್ಪಯ್ಯಣ್ಣನೇ ಮೊದಲಿಗರು.

ಈ ಸಲ ಶುಕ್ರವಾರದ ಪಟ್ಟಿ ಹಸಿರು. ಬಾಟಲಿ ಕಪ್ಪಾಗಿಲ್ಲ. ಎಲ್ಲ ಪುಸ್ತಕದಲ್ಲಿ ಬರೆದಿತ್ತು.

“ಪುಸ್ತಕದಾಗೆ ಯಾರು ಏನ್ ಬೇಕಾದ್ರೂ ಬರೀಬೋದು,” ಎಂದರು ಅಪ್ಪಯ್ಯಣ್ಣ, ಅವಳ ಮನಸ್ಸು ಓದಿದ ಹಾಗೆ. “ಮನೇಲಿ ಕೂತು ಬರ್ದವ್ಳೆ. ನೀರು ಮುಟ್ಟೇ ಇಲ್ಲ.”

“ಇರಬಹುದು. ಕಲ್ಯಾಣಿ ನೀರನ್ನ ಇನ್ನೊಂದ್ಸಲ ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು. ಆದ್ರೆ ಸೋಮವಾರ ಬೆಳಿಗ್ಗೇನೇ ಪಂಪು ಹಾಕಿ ಎಲ್ಲಾ ಖಾಲಿ ಮಾಡಿಸಿಬಿಟ್ರಲ್ಲ ನೀವು?”

“ಮತ್ತಿನ್ನೇನ್ ಮಾಡ್ಬೇಕಿತ್ತು? ಮಕ್ಳು ಮರಿ ಇರೋ ಊರು. ಇನ್ನೊಬ್ರು ಬೀಳ್ಲಿ ಅಂತ ಕಾಯ್ಬೇಕಿತ್ತಾ?”

ಮಾತು ಸರಿಯಾಗೇ ಇತ್ತು. ತೀರಾ ಸರಿಯಾಗಿತ್ತು, ನಾಲ್ಕು ಸಲ ಅಭ್ಯಾಸ ಮಾಡಿದ ಹಾಗೆ.

ಪ್ರಮೋದಾ ಲೋಟ ಕೆಳಗಿಟ್ಟಳು. “ಬೈರಣ್ಣನ್ನ ಕರೀತೀರಾ?”

ನೀರುಗಂಟಿ ಬೈರಣ್ಣ ಕರೆಯುವಷ್ಟು ದೂರದಲ್ಲಿರಲಿಲ್ಲ, ಬಾಗಿಲ ಮರೆಯಲ್ಲೇ ಇದ್ದ. ಊರಿನ ನೀರು ಬಿಡುವುದು, ನಿಲ್ಲಿಸುವುದು, ಕಲ್ಯಾಣಿಯ ಕಬ್ಬಿಣದ ಗೇಟಿಗೆ ಬೀಗ ಹಾಕುವುದು ಅವನ ಕೆಲಸ.

“ಬೈರಣ್ಣ, ಶುಕ್ರವಾರ ರಾತ್ರಿ ಮಳೆ ಬಂತಾ?”

“ಒಂದು ಹದ ಮಳೆ ಬಂತು ಕಣಮ್ಮ.”

“ಭಾನುವಾರ?”

“ಇಲ್ಲ, ಸುಡುಬಿಸ್ಲು. ಈಗ್ಲೂ ನೋಡಿ, ಹೆಂಗೆ ಕಾಯ್ತೈತೆ.”

“ಹಾಗಾದ್ರೆ ಶನಿವಾರ ಮಾತ್ರ ಅಲ್ಲಿ ಕೆಸರಿತ್ತು. ಕಲ್ಯಾಣಿಯ ಬಡಗಣ ದಿಕ್ಕಿನಲ್ಲಿ ಅಂಟಿಕೊಂಡ ಜೋಡಿ ಟೈರಿನ ಗುರುತು ಒಂದು ಗೇಣು ಆಳಕ್ಕೆ ಒಣಗಿ ಕೂತಿದೆ. ಎತ್ತಿನ ಗಾಡಿಗೆ ಜೋಡಿ ಟೈರು ಇರಲ್ಲ, ಲಾರಿಯಂಥದ್ದಕ್ಕೆ ಇರುತ್ತೆ. ಶನಿವಾರ ಬಂದಿದ್ದು ಏನು?”

ಬೈರಣ್ಣ ಅಪ್ಪಯ್ಯಣ್ಣನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಪ್ರಮೋದಾ ಬೇಕಾದಷ್ಟು ಕಂಡಿದ್ದಳು. ಇವನು ಇನ್ನೊಬ್ಬರ ಹೆಗಲು ಮುಟ್ಟಿ ನೋಡುತ್ತಿದ್ದ.

“ನಂಗೊತ್ತಿಲ್ಲ ಕಣಮ್ಮ. ನಾನು ಸಂತೆಗೆ ಹೋಗಿದ್ದೆ.”

“ಬೀಗದ ಕೈ?”

“ಯಜಮಾನ್ರ...” ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ.

ಹೊರಗೆ ಜೀಪು ನಿಂತ ಸದ್ದು ಬಂತು. ಎಸ್‌ಐ ಶ್ರೀಧರ್ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದಿದ್ದರು. ಅಪ್ಪಯ್ಯಣ್ಣ ಎದ್ದು ನಿಂತ ಚುರುಕು ನೋಡಿದರೆ, ಮೊದಲೇ ಬನ್ನಿ ಎಂದು ಫೋನು ಹೋಗಿತ್ತೆಂದು ಹೇಳಲು ಪತ್ತೇದಾರಿ ಬೇಕಿರಲಿಲ್ಲ.

“ಮೇಡಂ, ನಮಸ್ಕಾರ.” ಶ್ರೀಧರ್ ಟೋಪಿ ತೆಗೆದರು. ಒಳ್ಳೆಯ ಹುಡುಗ, ಮುಖದ ಮೇಲೆ ಸಂಕೋಚವಿತ್ತು. “ನನಗೂ ಮೇಲಿಂದ ಒತ್ತಡ ಇದೆ. ಈಯಮ್ಮನ್ನ ಕರ್ಕೊಂಡ್ ಹೋಗ್ಲೇಬೇಕು. ಹೇಳಿಕೆ ತಗೊಂಡು ನೋಡ್ತೀನಿ.”

“ಕರ್ಕೊಂಡ್ ಹೋಗಿ ಶ್ರೀಧರ್. ಹತ್ತು ನಿಮಿಷ ಕೂತ್ಕೊಳ್ಳಿ ಅಷ್ಟೇ. ಕಾಫಿ ಚೆನ್ನಾಗಿದೆ.”

ಸಂಘಮಿತ್ರ ನೆರಳಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಇಪ್ಪತ್ತೇಳರ ಹೆಣ್ಣು, ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. “ಪ್ರಮೋದಕ್ಕ, ನಾನು ಹೋಗೋಕೆ ರೆಡಿ. ನಂಗೆ ಜೈಲು ಭಯ ಇಲ್ಲ. ನಾನು ಸುಳ್ಳು ಬರ್ದೆ ಅಂತ ಮಾತ್ರ ಅನ್ನಿಸ್ಬೇಡಿ. ಈ ಊರಲ್ಲಿ ನನ್ನ ಹಿಂದೆ ಬರೋ ಹುಡ್ಗೀರಿಗೆ ಆ ಚೀಲ ಯಾರೂ ಕೊಡಲ್ಲ ಆಮೇಲೆ.”

“ಅನ್ನಿಸಲ್ಲ,” ಎಂದಳು ಪ್ರಮೋದಾ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಉತ್ತರ ಈ ಮನೆಯಲ್ಲೇ ಇತ್ತು, ಆ ಸುಲಿದ ಬೆರಳುಗಳಲ್ಲಿ. ಎಳೆ ಹಿಡಿದು ಎಳೆಯುವುದೊಂದು ಬಾಕಿ.

ಅವಳು ಮುನಿಲಕ್ಷ್ಮಮ್ಮನ ಕಡೆ ತಿರುಗಿದಳು. “ಅಮ್ಮ, ಈ ಮನೇಲಿ ಬಾಣಂತಿ ಇದ್ದಾಳೆ ಅಲ್ವಾ? ಒಳಗೆ ಮಗು ಅತ್ತಿದ್ದು ಕೇಳಿಸ್ತು.”

ಮುದುಕಿಯ ಮುಖ ಅರಳಿತು. “ಹೂಂ ಕಣಮ್ಮ. ಕಿರಿ ಸೊಸೆ. ಗಂಡುಮಗ. ಶನಿವಾರಕ್ಕೆ ಮೂರು ತಿಂಗ್ಳು ತುಂಬ್ತು.”

“ಹಾಗಾದ್ರೆ ಗಂಗೆ ಪೂಜೆ ಆಯ್ತು.”

“ಆಗ್ದೆ ಇರ್ತದಾ? ಶನಿವಾರ ಸಂಜೆ ಐದಕ್ಕೆ, ಕಲ್ಯಾಣಿ ತಾವ್ಲೇ ಮಾಡ್ಸಿದ್ವಿ.”

“ಬೊಗಸೇಲಿ ಮೂರು ಸಲ ನೀರೆತ್ತಿ ಬಿಟ್ಟಿದ್ದು ಸೊಸೇನಾ, ನೀವಾ?”

“ನಾನೇ ಎತ್ತಿದೆ. ಹಸಿ ಬಾಣಂತಿ, ತಣ್ಣೀರು ಮುಟ್ಟಿಸ್ಬಾರ್ದು ಅಂತ ಅವಳನ್ನ ಮೇಲಿನ ಮೆಟ್ಲಲ್ಲೇ ನಿಲ್ಸಿದ್ದೆ.” ಹಾಗೆಂದು ತನ್ನ ಬೆರಳುಗಳನ್ನು ತಾನೇ ನೋಡಿಕೊಂಡಳು. ನಗು ನಿಧಾನವಾಗಿ ಇಳಿಯಿತು.

“ಮೆಟ್ಟಿಲಿಗೆ ಅರಿಶಿನ ಹಚ್ಚಿದ್ರಾ?”

“ಹಚ್ಚದೆ?”

“ಯಾವ ಬಣ್ಣ ಬಂತು?”

ಅಪ್ಪಯ್ಯಣ್ಣ ನಕ್ಕುಬಿಟ್ಟರು. “ಇದೇನ್ ಮೇಡಂ, ಅರಿಶಿನ ಯಾವ ಬಣ್ಣ ಬರ್ತದೆ? ಕೇಳೋ ಪ್ರಶ್ನೆಗೂ ಒಂದು...”

“ಕೆಂಪು ಬಂತು,” ಎಂದಳು ಮುನಿಲಕ್ಷ್ಮಮ್ಮ.

ಅಪ್ಪಯ್ಯಣ್ಣ ಹೆಂಡತಿಯ ಕಡೆ ತಿರುಗಿದರು.

“ನೀರು ಮುಟ್ಟಿಸಿದ ತಕ್ಷಣ ಕುಂಕುಮದಂಗೆ ಕೆಂಪಗಾಯ್ತು ಕಣಮ್ಮ. ನಾನು ಅರವತ್ತು ವರ್ಷದಲ್ಲಿ ಕಂಡಿರ್ಲಿಲ್ಲ. ಗಂಗಮ್ಮ ಮಗೀಗೆ ಕುಂಕುಮ ಕೊಟ್ಳು, ಒಪ್ಕೊಂಡ್ಳು ಅಂದ್ಕೊಂಡೆ. ದೃಷ್ಟಿ ಆದಾತು ಅಂತ ಯಾರಿಗೂ ಹೇಳ್ಲಿಲ್ಲ. ಮೆಟ್ಲು ಬೇರೆ ಸೋಪು ಹಾಕ್ದಂಗೆ ಜಾರ್ತಿತ್ತು, ಸೊಸೇಗೆ ಹುಷಾರು ಅಂದೆ.”

“ಅಮ್ಮ, ಆರತಿ ನೀರು ಹೇಗೆ ಮಾಡ್ತೀರಿ?”

“ನೀರಿಗೆ ಅರಿಶಿನ ಹಾಕಿ, ಚೂರು ಸುಣ್ಣ...” ಮುದುಕಿಯ ಬಾಯಿ ತೆರೆದೇ ಉಳಿಯಿತು.

ಸಾವಿರ ಸಲ ಆರತಿ ಎತ್ತಿದ ಕೈ ಅದು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಆ ಕೈಗೆ ಎಂದೋ ಗೊತ್ತಿತ್ತು. ಆದರೆ ಅಡುಗೆಮನೆಯಲ್ಲಿ ಗೊತ್ತಿರುವುದು ದೇವರ ಮುಂದೆ ನೆನಪಾಗುವುದಿಲ್ಲ. ಅಲ್ಲಿ ನಮಗೆ ಪವಾಡ ಬೇಕು.

“ಸುಣ್ಣದ ಜಾತಿಯದ್ದೇ ಇನ್ನೇನೋ ಆ ನೀರಲ್ಲಿತ್ತು,” ಎಂದಳು ಪ್ರಮೋದಾ. “ಸುಣ್ಣಕ್ಕಿಂತ ಹತ್ತು ಪಾಲು ಖಾರವಾದದ್ದು. ಮೆಟ್ಟಿಲು ಜಾರಿಸುತ್ತೆ, ಬೆರಳು ಸುಲಿಯುತ್ತೆ, ಕಣ್ಣು ಬಿಟ್ಕೊಂಡು ಮುಳುಗಿದ್ರೆ ಕಣ್ಣು ಸುಡುತ್ತೆ. ಶುಕ್ರವಾರ ಇರಲಿಲ್ಲ, ಶನಿವಾರ ಐದು ಗಂಟೆಗೆ ಇತ್ತು. ನಡುವೆ ಯಾರೋ ತಂದು ಸುರಿದಿದ್ದಾರೆ.”

“ಕತೆ!” ಅಪ್ಪಯ್ಯಣ್ಣ ಕುರ್ಚಿ ಸರಿಸಿ ಎದ್ದರು. “ಸಾರ್, ಮುದುಕಿ ಮಾತು ಕಟ್ಕೊಂಡು ಕೇಸು ನಡೆಸ್ತೀರಾ? ಕಲ್ಯಾಣಿ ಒಣಗಿ ಬಿದ್ದದೆ. ನೀರೆಲ್ಲಿದೆ ತೋರ್ಸಿ. ಒಂದು ಲೋಟ ನೀರು ತೋರ್ಸಿ!”

ಶ್ರೀಧರ್ ಪ್ರಮೋದಾಳ ಕಡೆ ನೋಡಿದರು. ಅವರ ಮುಖ ಹೇಳುತ್ತಿತ್ತು, ಯಜಮಾನರ ಮಾತಲ್ಲಿ ಹುರುಳಿದೆ ಮೇಡಂ.

ಪ್ರಮೋದಾಳಿಗೆ ಈ ಕ್ಷಣ ಬಹಳ ಇಷ್ಟ. ಎದುರಾಳಿ ತನ್ನ ಕೈಯಾರೆ ಬಾಗಿಲು ತೆಗೆದು, ಬನ್ನಿ ಒಳಗೆ ಎನ್ನುವ ಕ್ಷಣ. ಸಂತೋಷವನ್ನು ಬಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ. ಕಾಣುವ ಹಾಗೇ ನಕ್ಕಳು.

“ಮುನಿಲಕ್ಷ್ಮಮ್ಮನೋರೇ, ಗಂಗೆ ಪೂಜೆ ಮಾಡಿದ ಮೇಲೆ ಬರಿಗೈಲಿ ಮನೆಗೆ ಬಂದ್ರಾ?”

ಮುದುಕಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ, ಬಹಳ ಮೆಲ್ಲಗೆ, “ಬರಿಗೈಲಿ ಬರ್ತಾರಾ? ಗಂಗಮ್ಮನ್ನ ಚೊಂಬಲ್ಲಿ ಕರ್ಕೊಂಡ್ ಬಂದೆ. ನಮ್ಮನೇಲಿ ಒಂಬತ್ತು ದಿನ ದೇವ್ರ ಮನೇಲಿ ಇಟ್ಟು, ಆಮೇಲೆ ತೆಂಗಿನ ಬುಡಕ್ಕೆ ಹಾಕೋದು,” ಎಂದಳು.

“ಇವತ್ತಿಗೆ?”

“ಆರನೇ ದಿನ.”

ಹತ್ತು ಎಚ್‌ಪಿ ಪಂಪು ಹಾಕಿ ಕಲ್ಯಾಣಿ ಬತ್ತಿಸಿದ ಮನುಷ್ಯ, ಅದರ ಒಂದು ಚೊಂಬು ನೀರಿಗೆ ದಿನಾ ಬೆಳಿಗ್ಗೆ ಹೂವಿಟ್ಟು ಕೈಮುಗಿಯುತ್ತಿದ್ದ.

“ಏಯ್!” ಎಂದರು ಅಪ್ಪಯ್ಯಣ್ಣ. ಹೆಂಡತಿ ಆಗಲೇ ಒಳಗೆ ಹೊರಟಿದ್ದಳು. “ದೇವ್ರ ಚೊಂಬು ಕಣೇ ಅದು! ಒಂಬತ್ತು ದಿನ ಅಲ್ಲಾಡಿಸ್ಬಾರ್ದು! ಮಗೀಗೆ ಕೇಡು!”

ಮುನಿಲಕ್ಷ್ಮಮ್ಮ ಹೊಸಿಲ ಮೇಲೆ ನಿಂತಳು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಎದುರಾಡಿದ ಹೆಂಗಸಿನ ನಿಲುವಲ್ಲ ಅದು. ಅದಕ್ಕೇ ಆ ನಿಲುವಿಗೆ ತೂಕವಿತ್ತು.

“ಒಂದು ಕೇಡು ಆಗೋಯ್ತಲ್ಲ. ಶನಿವಾರ ನಾನು ಬಾಯಿ ಬಿಟ್ಟು ಹೇಳಿದ್ರೆ ಭಾನುವಾರ ನನ್ನ ಸಿಂಚನ ನೀರಿಗೆ ಇಳೀತಿರ್ಲಿಲ್ಲ. ಕುಂಕುಮ ಬಂತು ಅಂತ ಕುಣಿದೆ ನಾನು, ಮುಂಡೇದು. ಮೊಮ್ಮಗಳ ಕಣ್ಣಿಗಿಂತ ದೊಡ್ಡದಾ ನಿಮ್ಮ ಚೊಂಬು?”

ಅವಳು ಒಳಗೆ ಹೋದಳು. ಹಿತ್ತಾಳೆ ಚೊಂಬು ಹೊರಬಂತು, ಬಾಯಿಗೆ ತೆಂಗಿನಕಾಯಿ, ಕೊರಳಿಗೆ ಬಾಡಿದ ಸೇವಂತಿಗೆ. ಜಗಲಿಯ ಮೇಲೆ ಇಟ್ಟು, ಕೆಳಗೆ ನಿಂತವಳನ್ನು ನೋಡಿದಳು.

“ಮೇಲೆ ಬಾ ತಾಯಿ. ನೀನೇ ನೋಡು.”

ಸಂಘಮಿತ್ರ ಕದಲಲಿಲ್ಲ. ಅಪ್ಪಯ್ಯಣ್ಣನ ಕಡೆ ನೋಡಲೂ ಇಲ್ಲ. ಮುನಿಲಕ್ಷ್ಮಮ್ಮ ಎರಡು ಮೆಟ್ಟಿಲಿಳಿದು ಅವಳ ಮಣಿಕಟ್ಟು ಹಿಡಿದಳು, ಸುಲಿದ ಬೆರಳುಗಳಿಂದಲೇ. ಹುಡುಗಿ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು. ಪ್ರಮೋದಾ ಆ ಕಡೆ ನೋಡದೆ ಲೋಟದ ತಳದಲ್ಲಿ ಉಳಿದ ಕಾಫಿ ನೋಡಿದಳು. 

“ಶ್ರೀಧರ್, ನೀವೇ ಕಾಯಿ ತೆಗೀರಿ. ಆಮೇಲೆ ಯಾರೂ ಏನೋ ಬೆರೆಸಿದ್ರು ಅನ್ನಬಾರದು.”

ಶ್ರೀಧರ್ ಕಾಯಿ ಎತ್ತಿದರು. ಸಂಘಮಿತ್ರ ಕೈಗವಸು ಹಾಕಿಕೊಂಡು ಎರಡು ಗಾಜಿನ ನಳಿಗೆಗಳಿಗೆ ಇಷ್ಟಿಷ್ಟು ನೀರು ಬಗ್ಗಿಸಿದಳು. ಮೂರನೆಯದಕ್ಕೆ ಮನೆಯ ನಲ್ಲಿ ನೀರು. 

ನಲ್ಲಿ ನೀರಿಗೆ ಮುನಿಲಕ್ಷ್ಮಮ್ಮನೇ ಒಂದು ಚಿಟಿಕೆ ಅರಿಶಿನ ಹಾಕಿದಳು. ಹಳದಿ. ಚೊಂಬಿನ ನೀರಿಗೆ ಒಂದು ಚಿಟಿಕೆ. ಅರಿಶಿನ ನೀರು ಮುಟ್ಟಿದ ಕಡೆಯಿಂದಲೇ ಕೆಂಪು ಎಳೆ ಎಳೆಯಾಗಿ ಇಳಿಯಿತು.  ಉಳಿದ ನಳಿಗೆಗೆ ಸಂಘಮಿತ್ರ ಪಟ್ಟಿ ಅದ್ದಿದಳು. ಪಟ್ಟಿ ಹಸಿರಾಗಲಿಲ್ಲ. ಕಡುನೀಲಿಯಾಗಿ, ನೇರಳೆಯಾಗಿ, ಬಣ್ಣ ಹೋಲಿಸುವ ಕಾರ್ಡಿನ ಕಟ್ಟಕಡೆಯ ಮನೆಗೆ ಹೋಗಿ ನಿಂತಿತು.

“ಪಿಎಚ್ ಹದಿಮೂರರ ಹತ್ರ ಇದೆ ಸಾರ್,” ಎಂದಳು. “ಶುಕ್ರವಾರ ಏಳೂವರೆ ಇತ್ತು. ಇಷ್ಟು ಖಾರ ತಾನಾಗೇ ಆಗಲ್ಲ. ಕಾಸ್ಟಿಕ್ ಸೋಡಾ ಇರ್ಬೇಕು. ಕಾರ್ಖಾನೆಗಳಲ್ಲಿ ಬಾಟ್ಲಿ ತೊಳ್ಯೋಕೆ ಬಳಸ್ತಾರಲ್ಲ, ಆ ನೀರು. ಬಣ್ಣ ಇರಲ್ಲ, ವಾಸ್ನೆ ಇರಲ್ಲ.”

“ಮಹಜರ್ ಬರೀರಿ ಶ್ರೀಧರ್. ಚೊಂಬಿಗೆ ಸೀಲ್ ಹಾಕಿ ಲ್ಯಾಬಿಗೆ ಕಳಿಸಿ. ಸಾಕ್ಷಿಗೆ ದೂರುದಾರರ ಹೆಂಡತಿಯೇ ಇದ್ದಾರೆ, ಇದಕ್ಕಿಂತ ಒಳ್ಳೇ ಪಂಚರು ನಿಮಗೆ ಜನ್ಮದಲ್ಲಿ ಸಿಗಲ್ಲ.”

ಶ್ರೀಧರ್ ಟೋಪಿ ಕುರ್ಚಿಯ ಮೇಲಿಟ್ಟು ಪೆನ್ನು ತೆಗೆದರು. “ಅಪ್ಪಯ್ಯಣ್ಣನೋರೇ, ಕೂತ್ಕೊಳ್ಳಿ. ಶನಿವಾರ ಗೇಟು ತೆಗೆದಿದ್ದು ಯಾರು?”

ಅಪ್ಪಯ್ಯಣ್ಣ ಕೂತರು. ಕೂತ ರೀತಿಯಲ್ಲೇ ಅರ್ಧ ಉತ್ತರವಿತ್ತು.

“ಭಾನುವಾರ ಈಜು ಪೈಪೋಟಿ ಇಟ್ಟಿದ್ವಿ. ನಾಲ್ಕು ಊರಿನ ಮಕ್ಳು ಬರೋರಿದ್ರು. ಕಲ್ಯಾಣೀಲಿ ನೀರು ಎರಡು ಮೆಟ್ಲು ಇಳಿದಿತ್ತು, ಮರ್ಯಾದೆ ಪ್ರಶ್ನೆ. ಒಂದು ಟ್ಯಾಂಕರ್ ನೀರು ತರ್ಸಿದೆ. ಒಳ್ಳೇ ನೀರು ಅಂತ್ಲೇ ತರ್ಸಿದ್ದು. ನನ್ನ ಮೊಮ್ಮಗಳು ಇಳಿಯೋ ನೀರಿ‌ಗೆ ನಾನು ವಿಷ ಹಾಕ್ತೀನಾ ಸಾರ್?”  ಈ ಕೊನೆಯದು ಅಭ್ಯಾಸ ಮಾಡಿದ ಮಾತಾಗಿರಲಿಲ್ಲ.

“ತಪ್ಪು ಗೊತ್ತಾದ ಮೇಲೆ ನೀರು ಖಾಲಿ ಮಾಡಿಸಿದ್ರಿ. ಹೊರೆ ಈ ಹುಡುಗಿ ತಲೆಗೆ ಹೊರಿಸಿದ್ರಿ,” ಎಂದಳು ಪ್ರಮೋದಾ.

“ಹೂಂ,” ಎಂದರು ಅಪ್ಪಯ್ಯಣ್ಣ. ಅಷ್ಟಾದ ಮೇಲೆ ತಲೆ ಎತ್ತಿದರು. ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಇನ್ನೇನೋ ಇತ್ತು. “ಹೊರಿಸಿದೆ. ಸುಮ್ನೆ ಹೊರಿಸ್ಲಿಲ್ಲ. ಹೊರಗಿನ ನೀರು ಕಲ್ಯಾಣಿಗೆ ಬೀಳೋ ಮುಂಚೆ ಪರೀಕ್ಷೆ ಆಗ್ಬೇಕು ಅಂತ ಸಮಿತಿ ನಿಯಮ ಐತೆ. ಮಾಡ್ಸಿದ್ದೀನಿ.”

ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ಎಸ್‌ಐ ಕೈಗೆ ಕೊಟ್ಟರು. “ಇದನ್ನ ತೋರ್ಸಿದ್ರೆ ಟ್ಯಾಂಕರ್ ತರ್ಸಿದ್ದು ನಾನು ಅಂತ ಗೊತ್ತಾಗ್ತಿತ್ತು. ಅದಕ್ಕೇ ಇಟ್ಕೊಂಡಿದ್ದೆ. ಈಗ ಹೋಗೋ ಮಾನ ಹೋಯ್ತಲ್ಲ, ಓದಿ.”

ಶ್ರೀಧರ್ ಗಟ್ಟಿಯಾಗಿ ಓದಿದರು. “ಶನಿವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಟ್ಯಾಂಕರ್ ನೀರು ಪರೀಕ್ಷಿಸಿದ್ದೇನೆ. ಬಿಡಬಹುದು. ಸಹಿ...”

ಓದುವುದು ನಿಂತಿತು. ಸಹಿ ಯಾರದೆಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ.

ಪ್ರಮೋದಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಮಂಗಳವಾರ ತನ್ನ ಕಚೇರಿಯಲ್ಲಿ ಕೂರಿಸಿಕೊಂಡು ಕೇಳಿದ್ದಳು, ಶುಕ್ರವಾರದ ನಂತರ ಕಲ್ಯಾಣಿಗೆ ಬೇರೆ ನೀರು ಬಿತ್ತಾ ಎಂದು. ಇಲ್ಲ ಅಕ್ಕ ಎಂದಿದ್ದಳು ಹುಡುಗಿ, ಕಣ್ಣಲ್ಲಿ ಕಣ್ಣಿಟ್ಟು.

“ಸಂಘಮಿತ್ರ,” ಎಂದಳು. ದನಿ ಏರಿಸಲಿಲ್ಲ. “ಸಹಿ ನಿಂದಾ?”

“ನಂದೇ ಅಕ್ಕ.”

“ಪರೀಕ್ಷೆ ಮಾಡಿದ್ದೆಯಾ?”

“ಮಾಡಿದ್ದೆ. ಹಸಿರೇ ಬಂತು. ಆದ್ರೆ...” ಅವಳು ಕೈಗವಸು ಬಿಚ್ಚಿದಳು, ಒಂದೊಂದೇ ಬೆರಳು. “ಆದ್ರೆ ಬಾಟ್ಲಿ ನಾನು ತುಂಬ್ಲಿಲ್ಲ. ಪ್ರತಿ ಸಲ ನನ್ನ ಕೈಯಲ್ಲೇ ಹಿಡೀತೀನಿ, ಯಾರ ಕೈಗೂ ಕೊಡಲ್ಲ. ಅವತ್ತು ಟ್ಯಾಂಕರ್ ಹಿಂದೆ ಕೆಸರಿತ್ತು. ‘ನಿನ್ನ ಸೀರೆ ಹಾಳಾಗ್ತದೆ ಅಕ್ಕ, ಕೊಡು ನಾನ್ ತುಂಬ್ಕೊಂಡ್ ಬರ್ತೀನಿ’ ಅಂದ. ಕೊಟ್ಟೆ. ಅವನು ಎಲ್ಲಿಂದ ತುಂಬ್ಕೊಂಡ್ ಬಂದ್ನೋ ನಾನು ನೋಡ್ಲಿಲ್ಲ. ಕುಡಿಯೋ ಕ್ಯಾನಿಂದ ತುಂಬಿರ್ಬೇಕು.”

“ಯಾರು?”

“ಭೀಮರಾಜ. ನನ್ನ ತಮ್ಮ. ಸೋಂಪುರದ ಕಾರ್ಖಾನೆ ಕಡೆ ಟ್ಯಾಂಕರ್ ಓಡಿಸ್ತಾನೆ.”

ಮುನಿಲಕ್ಷ್ಮಮ್ಮ ಜಗಲಿಯ ಕಂಬ ಹಿಡಿದು ಕೂತಳು. ಸಂಘಮಿತ್ರ ಈಗ ಯಾರ ಮುಖವನ್ನೂ ತಪ್ಪಿಸುತ್ತಿರಲಿಲ್ಲ. “ನಿಮಗೆ ಹೇಳಿದ್ರೆ ಅವನನ್ನ ನೀವೇ ಹಿಡಿದು ಕೊಡ್ತೀರ ಅಂತ ಗೊತ್ತಿತ್ತು ಅಕ್ಕ. ಅದಕ್ಕೇ ಸುಳ್ಳು ಹೇಳ್ದೆ. ಅವನಿಗೂ ಇದು ಗೊತ್ತಿತ್ತೋ ಇಲ್ವೋ, ಯಾರ್ ಹೇಳಿ ಮಾಡಿಸಿದ್ರೋ, ಕೇಳೋಣ ಅಂದ್ರೆ ಭಾನುವಾರದಿಂದ ಮನೆಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್.”

“ಈಗ ಮಾಡಮ್ಮ,” ಎಂದರು ಶ್ರೀಧರ್. “ಸ್ಪೀಕರ್ ಹಾಕು.”

ಆಗುವುದಿಲ್ಲವೆಂಬ ನಂಬಿಕೆಯಿಂದಲೇ ಅವಳು ಒತ್ತಿದಳು. ಫೋನು ರಿಂಗಾಯಿತು. ಒಂದು ಸಲ, ಎರಡು ಸಲ. ಆರನೆಯದಕ್ಕೆ ಯಾರೋ ಎತ್ತಿದರು.

“ಭೀಮು! ಎಲ್ಲಿದ್ದೀಯೋ?”

“ಹಲೋ, ಯಾರವ್ವ ನೀನು?” ವಯಸ್ಸಾದ ಗಂಡಸಿನ ದನಿ, ಹಿಂದೆ ಕುರಿಗಳ ಸದ್ದು. “ಈ ಫೋನು ಯಾರ್ದು? ಇಲ್ಲಿ ಸೋಂಪುರದ ಕ್ವಾರಿ ಹೊಂಡದ ದಡದಾಗೆ ಬಿದ್ದೈತೆ. ಬಟ್ಟೆ ಮಡಿಚಿ ಇಟ್ಟೈತೆ, ಮ್ಯಾಲೆ ಚಪ್ಲಿ. ಯಾರೋ ಈಜಕ್ಕೆ ಇಳಿದವ್ರೆ ಅಂದ್ಕೊಂಡೆ. ಅರ್ಧ ಗಂಟೆಯಿಂದ ನೋಡ್ತಾವ್ನಿ, ನೀರಲ್ಲಿ ಒಬ್ರೂ ಕಾಣ್ತಿಲ್ಲ.”

ಶ್ರೀಧರ್ ಜೀಪಿನ ಕಡೆ ಓಡಿದರು. ಸಂಘಮಿತ್ರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಪ್ರಮೋದಾಳತ್ತ ತಿರುಗಿದಳು.

“ಅಕ್ಕ, ಅವನಿಗೆ ಈಜೋಕೆ ಬರಲ್ಲ.”